ಹಡಗು ಕಾಯುವುದಿಲ್ಲ ಎಂಬ ಭಯ, ಮೂರೂವರೆ ಡಾಲರಿನ ಬಸ್ಸು

ಕ್ರೂಸ್ ಹಡಗು ಮರುದಿನ ಬೆಳಿಗ್ಗೆ ದ್ವೀಪವೊಂದನ್ನು ಮುಟ್ಟುತ್ತದೆ ಎನ್ನುವಾಗ ಹಿಂದಿನ ಸಂಜೆಯೇ ಟೂರ್ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಅಲ್ಲಿ ಮಾರುವ ಬೀಚ್ ಟೂರಿಗೆ ತಲೆಗೆ ಹತ್ತಾರು ಡಾಲರ್. ಆ ದುಡ್ಡಿಗೆ ಹೋಗಿ ಬರುವ ಬಸ್ಸು, ಒರಗು ಕುರ್ಚಿ, ನೆರಳಿಗೊಂದು ಕೊಡೆ, ಕುಡಿಯಲು ಏನಾದರೂ ತಂಪಗಿನದು. ಇವೆಲ್ಲ ದಡದಲ್ಲೂ ಸಿಗುತ್ತವೆ, ಇದಕ್ಕಿಂತ ಅಗ್ಗಕ್ಕೇ ಸಿಗುತ್ತವೆ ಎಂಬುದು ಸಾಲಿನಲ್ಲಿ ನಿಂತವರಿಗೂ ಗೊತ್ತು. ಆದರೂ ಕಾರ್ಡು ಉಜ್ಜುತ್ತಾರೆ. ಕೌಂಟರಿನವರು ನಯವಾಗಿ ಹೇಳುವ ಒಂದು ಮಾತು ಅದಕ್ಕೆ ಕಾರಣ: ನಮ್ಮ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮಷ್ಟಕ್ಕೆ ನೀವು ಹೋಗಿ ತಡವಾದರೆ ಕಾಯುವುದಿಲ್ಲ.

ಮಾತು ಸುಳ್ಳೇನಲ್ಲ. 2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ ನಾರ್ವೇಜಿಯನ್ ಡಾನ್ ಎಂಬ ಹಡಗು ಎಂಟು ಮಂದಿ ಪ್ರಯಾಣಿಕರನ್ನು ದಡದಲ್ಲೇ ಬಿಟ್ಟು ಹೊರಟಿತು. ಅವರು ಹಡಗಿನ ಟೂರ್ ತೆಗೆದುಕೊಳ್ಳದೆ ಖಾಸಗಿಯಾಗಿ ದ್ವೀಪ ಸುತ್ತಲು ಹೋಗಿದ್ದರು, ಮರಳುವಾಗ ತಡವಾಯಿತು. ಹಡಗಿನ್ನೂ ಲಂಗರು ಕಿತ್ತಿರಲಿಲ್ಲ. ಕರಾವಳಿ ಕಾವಲು ಪಡೆಯವರು ದೋಣಿಯಲ್ಲಿ ಅವರನ್ನು ಹಡಗಿನ ಪಕ್ಕದವರೆಗೂ ಒಯ್ದರು, ಆದರೂ ಹತ್ತಿಸಿಕೊಳ್ಳಲಿಲ್ಲ. ಹಡಗನ್ನು ಮತ್ತೆ ಹಿಡಿಯಲು ದೇಶದಿಂದ ದೇಶಕ್ಕೆ ಓಡಿದ ಅವರ ಪಡಿಪಾಟಲು ಸೆನೆಗಲ್‌ನ ಡಕಾರ್‌ವರೆಗೆ ನಡೆಯಿತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಟೂರ್ ಕೌಂಟರುಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾವ ಏಜೆನ್ಸಿಯೂ ಮಾಡಿಕೊಡಲಾರದು.

ಹಾಗಾದರೆ ಭಯಕ್ಕೆ ಬುಡವಿದೆ. ಆದರೆ ಅದನ್ನು ಎಲ್ಲ ಊರಿಗೂ ಎಲ್ಲ ದೂರಕ್ಕೂ ಒಂದೇ ಅಳತೆಯಲ್ಲಿ ಮಾರುತ್ತಾರಲ್ಲ, ತಕರಾರಿರುವುದು ಅಲ್ಲಿ. ದ್ವೀಪದ ಇನ್ನೊಂದು ತುದಿಯ ಗುಹೆ ನೋಡಲು ಹೋಗುವವರ ಅಪಾಯ ಬೇರೆ, ಧಕ್ಕೆಯಿಂದ ಮೂರು ಕಿಲೋಮೀಟರ್ ಆಚೆ ಮರಳಿನ ಮೇಲೆ ಮಲಗುವವರ ಅಪಾಯ ಬೇರೆ. ಬೀಚಿಗೆ ಹೋಗುವ ದಿನದ ಮಟ್ಟಿಗೆ ಈ ಭಯವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಬಹುದು. ಅದಕ್ಕೆ ಆ ಊರಿನಲ್ಲಿ ಮೂರು ಸಂಗತಿಗಳಿರಬೇಕು: ಯಾರ ಅಪ್ಪಣೆಯೂ ಬೇಡದೆ ಕಾಲಿಡಬಹುದಾದ ಮರಳು, ಅಲ್ಲಿಯ ಜನ ದಿನಾ ಓಡಾಡುವ ಬಸ್ಸು ಅಥವಾ ವ್ಯಾನು, ಮತ್ತು ಅವೆಲ್ಲ ಕೈಕೊಟ್ಟರೂ ಕಾಲ್ನಡಿಗೆಯಲ್ಲಿ ಧಕ್ಕೆಗೆ ಮರಳಬಹುದಾದಷ್ಟು ದೂರ. ಈ ಮೂರರಲ್ಲಿ ಮೂರನೆಯದೇ ಮುಖ್ಯ. ಹೊರಡುವ ಮುನ್ನ ಜನ ಸಾಮಾನ್ಯವಾಗಿ ಯೋಚಿಸದೆ ಬಿಡುವುದೂ ಅದನ್ನೇ.

ಮೂರೂ ಒಂದೇ ಕಡೆ ಕೂಡಿಬಂದಿರುವುದು ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್‌ನಲ್ಲಿ. ಭೂಪಟದ ಮೇಲೆ ಮಂಗಳೂರಿನಿಂದ ನೇರ ಪಶ್ಚಿಮಕ್ಕೆ ಬೆರಳೆಳೆದರೆ ಅರಬ್ಬಿ ಕಡಲು, ಆಫ್ರಿಕ, ಅಟ್ಲಾಂಟಿಕ್ ದಾಟಿ ಬೆರಳು ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ. ಎರಡೂ ಊರುಗಳು ಸಮಭಾಜಕದಿಂದ ಉತ್ತರಕ್ಕೆ 13 ಡಿಗ್ರಿ ಆಸುಪಾಸಿನಲ್ಲಿವೆ, ಹಾಗಾಗಿ ಬಿಸಿಲಿನ ಚುರುಕೂ ಸಂಜೆ ಕತ್ತಲಾಗುವ ಹೊತ್ತೂ ಕರಾವಳಿಯವರಿಗೆ ಹೊಸತೆನಿಸುವುದಿಲ್ಲ. ರಸ್ತೆಯಲ್ಲಿ ವಾಹನಗಳು ನಮ್ಮಂತೆಯೇ ಎಡಕ್ಕೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕ್ರಿಸ್‌ಮಸ್ ರಜೆಯಲ್ಲಿ ಕೆರಿಬಿಯನ್ ಕ್ರೂಸಿಗೆ ಕರೆದೊಯ್ಯುವುದು ಈಗ ಕನ್ನಡದ ಮನೆಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಅಂಥವರ ಹಡಗು ದಕ್ಷಿಣ ಕೆರಿಬಿಯನ್ ದಾರಿ ಹಿಡಿದರೆ ಈ ಧಕ್ಕೆ ಸಿಗುವ ಸಂಭವ ಹೆಚ್ಚು.

ಕ್ರಿಕೆಟ್ ನೋಡುವವರಿಗೆ ಊರಿನ ಹೆಸರು ಮೊದಲೇ ಪರಿಚಯ. 1997ರಲ್ಲಿ 120 ರನ್ ಬೆನ್ನತ್ತಲಾಗದೆ ಭಾರತ 81ಕ್ಕೆ ಕುಸಿದದ್ದು ಇಲ್ಲಿಯ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಆ ತಂಡದಲ್ಲಿದ್ದ ರಾಹುಲ್ ದ್ರಾವಿಡ್ 2024ರ ಜೂನ್ 29ರಂದು ಅದೇ ಮೈದಾನದಲ್ಲಿ, ಕೋಚ್ ಆಗಿ, ಟಿ20 ವಿಶ್ವಕಪ್ಪನ್ನು ತಲೆಯ ಮೇಲೆತ್ತಿ ಕೂಗಿದ್ದನ್ನು ಬೆಂಗಳೂರು ಮರೆತಿಲ್ಲ. ಗೆದ್ದ ತಂಡಕ್ಕೆ ಕೂಡಲೇ ಊರಿಗೆ ಮರಳಲಾಗಲಿಲ್ಲ. ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿ, ವಿಶ್ವ ಚಾಂಪಿಯನ್ನರು ಹೋಟೆಲಿನಲ್ಲೇ ಕೂತರು. ಜೂನ್‌ನಿಂದ ನವೆಂಬರ್‌ವರೆಗೆ ಆ ಕಡಲಿನ ವೇಳಾಪಟ್ಟಿಯನ್ನು ಬರೆಯುವುದು ಗಾಳಿಯೇ. ಕ್ರೂಸ್ ಹಡಗುಗಳ ದಟ್ಟಣೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇರುವುದು ಅದಕ್ಕೇ. ಆ ಮೈದಾನ ಧಕ್ಕೆಯಿಂದ ನಡೆದು ಹೋಗುವಷ್ಟು ಹತ್ತಿರ. ಬೀಚಿಗೆ ಹೊರಟ ಮನೆಯವರಲ್ಲಿ ಒಬ್ಬಿಬ್ಬರು ದಾರಿ ತಪ್ಪಿಸಿಕೊಂಡು ಆ ಕಡೆ ಹೋದರೆ ಆಶ್ಚರ್ಯವಿಲ್ಲ.

ಮೊದಲು ಹೊತ್ತಿನ ಲೆಕ್ಕ. ಹಡಗಿನವರು ಹಂಚುವ ಹಾಳೆಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಎಂದಿರುತ್ತದೆ ಎನ್ನಿ, ನೋಡಲು ಒಂಬತ್ತು ಗಂಟೆ. ಹಗ್ಗ ಕಟ್ಟಿ, ಬಂದರಿನ ಅಧಿಕಾರಿಗಳ ಒಪ್ಪಿಗೆ ಸಿಕ್ಕಿ, ಸಾವಿರಾರು ಜನರ ನಡುವೆ ಏಣಿ ಇಳಿಯುವಷ್ಟರಲ್ಲಿ ಎಂಟೂಮುಕ್ಕಾಲು. ಐದಕ್ಕೆ ಹೊರಡುವ ಹಡಗಿಗೆ ನಾಲ್ಕೂವರೆಯೊಳಗೆ, ಕೆಲವು ಕಂಪನಿಗಳಲ್ಲಿ ನಾಲ್ಕಕ್ಕೇ, ಎಲ್ಲರೂ ಒಳಗಿರಬೇಕು. ಅದಕ್ಕೂ ಒಂದು ಗಂಟೆ ಮೊದಲು ಧಕ್ಕೆಯ ಗೇಟು ಮುಟ್ಟುವುದೆಂದಿಟ್ಟರೆ ಕೈಯಲ್ಲಿ ಉಳಿಯುವುದು ಆರು, ಆರೂವರೆ ಗಂಟೆ. ಇದರ ಜೊತೆಗೆ ಗಡಿಯಾರದ್ದೂ ಒಂದು ತಂಟೆಯಿದೆ. ಬಾರ್ಬಡೋಸ್ ವರ್ಷವಿಡೀ ಒಂದೇ ಸಮಯ ಇಟ್ಟುಕೊಳ್ಳುತ್ತದೆ, ಅಮೆರಿಕದ ಪೂರ್ವ ಕರಾವಳಿ ವರ್ಷಕ್ಕೆರಡು ಸಲ ಬದಲಿಸುತ್ತದೆ, ಹಡಗುಗಳಲ್ಲಿ ಕೆಲವು ತಾವು ಹೊರಟ ಬಂದರಿನ ಸಮಯವನ್ನೇ ಹಿಡಿದು ಸಾಗುತ್ತವೆ. ಮೊಬೈಲು ಮಾತ್ರ ದಡದ ಸಿಗ್ನಲ್ ಸಿಕ್ಕಿದ ಕೂಡಲೇ ತಾನಾಗಿಯೇ ದಡದ ಸಮಯಕ್ಕೆ ಜಾರುತ್ತದೆ. ಈ ಒಂದು ಗಂಟೆಯ ಎಡವಟ್ಟಿಗೆ ಸಿಕ್ಕಿ ಧಕ್ಕೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವವರ ವಿಡಿಯೊಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ಹಳೆಯ ಮುಳ್ಳಿನ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ತಿರುಗಿಸಿಕೊಂಡು ಇಳಿಯುವುದು ಇದಕ್ಕೆ ಎಲ್ಲಕ್ಕಿಂತ ಸುಲಭದ ಮದ್ದು.

ಇನ್ನು ದೂರ. ಬ್ರಿಡ್ಜ್‌ಟೌನ್‌ನ ಡೀಪ್ ವಾಟರ್ ಹಾರ್ಬರ್ ತೆರೆದದ್ದು 1961ರಲ್ಲಿ. ಅದಕ್ಕೂ ಮೊದಲು ದೊಡ್ಡ ಹಡಗುಗಳು ಕಾರ್ಲೈಲ್ ಬೇ ಎಂಬ ಕೊಲ್ಲಿಯಲ್ಲಿ ಲಂಗರು ಹಾಕುತ್ತಿದ್ದವು, ಜನ ಮತ್ತು ಸರಕು ಸಣ್ಣ ದೋಣಿಗಳಲ್ಲಿ ದಡ ಸೇರುತ್ತಿದ್ದವು. ಸಮುದ್ರಕ್ಕೆ ಮಣ್ಣು ತುಂಬಿ, ಪೆಲಿಕನ್ ಎಂಬ ಪುಟ್ಟ ದ್ವೀಪವನ್ನು ಊರಿಗೆ ಬೆಸೆದು ಬಂದರು ಕಟ್ಟಿದ ಮೇಲೆ ಕೊಲ್ಲಿ ಖಾಲಿಯಾಯಿತು. ಇವತ್ತು ಕ್ರೂಸಿನವರು ಈಜಲು ಹೋಗುವುದು ಹಿಂದೆ ಹಡಗುಗಳು ನಿಲ್ಲುತ್ತಿದ್ದ ಆ ನೀರಿಗೇ. ಗೇಟಿನಿಂದ ಹೊರಬಿದ್ದು ಪ್ರಿನ್ಸೆಸ್ ಆಲಿಸ್ ಹೆದ್ದಾರಿಯ ಪಕ್ಕ ನಡೆದರೆ ಕರಕುಶಲ ವಸ್ತುಗಳ ಪೆಲಿಕನ್ ವಿಲೇಜ್, ಆಮೇಲೆ ಒಂದು ಬಸ್ ನಿಲ್ದಾಣ, ಪೇಟೆ, ಮೀನಿನ ಮತ್ತು ಮೋಜಿನ ದೋಣಿಗಳು ತಂಗುವ ಕರೀನೇಜ್, ಅದರ ಮೇಲಿನ ಚೇಂಬರ್‌ಲಿನ್ ಸೇತುವೆ. ಸೇತುವೆ ದಾಟಿ ಇನ್ನೂ ಸ್ವಲ್ಪ ನಡೆದರೆ ಕಾರ್ಲೈಲ್ ಬೇ ದಡದ ಬ್ರೌನ್ಸ್ ಬೀಚಿನ ಮರಳು ಕಾಲಿಗೆ ಸಿಗುತ್ತದೆ. ಒಟ್ಟು ಸುಮಾರು ಮೂರು ಕಿಲೋಮೀಟರ್, ನಿಧಾನ ನಡಿಗೆಗೆ ಮುಕ್ಕಾಲು ಗಂಟೆ.

ಕಾರ್ಲೈಲ್ ಬೇಯನ್ನೇ ಏಕೆ ಆರಿಸಬೇಕು ಎಂಬುದಕ್ಕೆ ದೂರದ ಜೊತೆ ಗಾಳಿಯೂ ಕಾರಣ. ಬಾರ್ಬಡೋಸ್ ಮೇಲೆ ವರ್ಷದ ಬಹುಪಾಲು ಗಾಳಿ ಬೀಸುವುದು ಪೂರ್ವದಿಂದ. ಅಟ್ಲಾಂಟಿಕ್‌ಗೆ ಎದೆಯೊಡ್ಡಿ ನಿಂತ ಪೂರ್ವದ ಬಾತ್‌ಶೀಬಾದಲ್ಲಿ ಬಂಡೆಗಳ ನಡುವೆ ಅಲೆ ಎದ್ದು ಬೀಳುತ್ತದೆ. ಸರ್ಫಿಂಗ್ ಮಾಡುವವರಿಗೆ ಅದು ಸ್ವರ್ಗ, ಈಜುವವರಿಗೆ ಜೀವಕ್ಕೇ ಎರವು. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ತೇಲಿಬರುತ್ತಿರುವ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿ ಬಂದು ಕೊಳೆತು ನಾರುವುದೂ ಹೆಚ್ಚಾಗಿ ಆ ಕಡೆಯ ದಡಗಳಲ್ಲಿ. ನೈಋತ್ಯದಲ್ಲಿರುವ ಕಾರ್ಲೈಲ್ ಬೇಗೆ ಇಡೀ ದ್ವೀಪವೇ ಗಾಳಿತಡೆ. ನೀರು ಕೆರೆಯಂತೆ ನಿಂತಿರುತ್ತದೆ. ಕೊಲ್ಲಿಯ ತಳದಲ್ಲಿ ಹಳೆಯ ಹಡಗುಗಳ ಅವಶೇಷಗಳಿವೆ, ಅವುಗಳಲ್ಲಿ 1919ರಲ್ಲಿ ಮುಳುಗಿದ ಬರ್ವಿನ್ ಎಂಬ ಫ್ರೆಂಚ್ ಟಗ್ ದೋಣಿ ಎಷ್ಟು ಆಳವಿಲ್ಲದ ಕಡೆ ಕೂತಿದೆಯೆಂದರೆ ಮುಖವಾಡ ಕಟ್ಟಿ ಮೇಲಿನಿಂದ ಇಣುಕಿದರೇ ಕಾಣುತ್ತದೆ. ಕಡಲಾಮೆಗಳೂ ಇವೆ. ಅವುಗಳಿಗೆ ಮೀನಿನ ಚೂರು ಎಸೆದು ಪ್ರವಾಸಿಗಳ ಹತ್ತಿರಕ್ಕೆ ಕರೆಯುವ ದೋಣಿಯವರ ಅಭ್ಯಾಸ ಒಳ್ಳೆಯದೇ ಎಂಬ ಬಗ್ಗೆ ವಾದವಿದೆ. ಕರೆಯದೆಯೂ ಅವು ಬರುತ್ತವೆ ಎಂದ ಮೇಲೆ ಆ ಚೂರು ಎಸೆಯದಿರುವುದೇ ಮೇಲು.

ಒಂದು ಮರದ ಬಗ್ಗೆ ಮಾತ್ರ ಇಲ್ಲಿ ನಿಂತು ಹೇಳಬೇಕು. ಕೆರಿಬಿಯನ್ ದಡಗಳಲ್ಲಿ ಮ್ಯಾಂಚಿನೀಲ್ ಎಂಬ ಮರ ಬೆಳೆಯುತ್ತದೆ. ಹೊಳೆಯುವ ಎಲೆ, ಹಸಿರು ಸೇಬಿನಂಥ ಪುಟ್ಟ ಕಾಯಿ, ದಟ್ಟ ನೆರಳು. ಬಿಸಿಲಿಗೆ ಬಳಲಿದ ಯಾರನ್ನಾದರೂ ಕೈಬೀಸಿ ಕರೆಯುತ್ತದೆ. ಅದರ ಹಾಲು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಕಾಯಿ ಕಚ್ಚಿದರೆ ಬಾಯಿ ಗಂಟಲು ಸುಟ್ಟುಹೋಗುತ್ತದೆ. ಮಳೆ ಬಂದಾಗ ಕೆಳಗೆ ನಿಂತರೂ ಸಾಕು, ಎಲೆಯಿಂದ ತೊಟ್ಟಿಕ್ಕುವ ನೀರಿನಲ್ಲೇ ವಿಷವಿರುತ್ತದೆ. ಗುರುತಿಗಾಗಿ ಅನೇಕ ಕಡೆ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿರುತ್ತಾರೆ. ಟೂರಿನವರ ಜೊತೆ ಹೋದರೆ ಗೈಡ್ ಇದನ್ನು ಹೇಳುತ್ತಾರೆ, ಒಬ್ಬರೇ ಹೋದವರಿಗೆ ಹೇಳುವವರಿಲ್ಲ. ಹಡಗಿನ ಟೂರಿನ ಪರವಾಗಿ ವಾದಿಸುವವರು ಈ ಅಂಶ ಎತ್ತಿದರೆ ಒಪ್ಪಲೇಬೇಕು. ಇನ್ನೊಂದನ್ನೂ ಹೇಳಿಬಿಡಬಹುದು: ಸೈನಿಕರ ಹಸಿರು ಕಂದು ಮಚ್ಚೆಯ ಬಟ್ಟೆಯನ್ನು ಸಾಮಾನ್ಯರು ತೊಡುವುದು ಬಾರ್ಬಡೋಸ್‌ನಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳ ಟೋಪಿಗೂ ರಿಯಾಯಿತಿಯಿಲ್ಲ.

ಮುಕ್ಕಾಲು ಗಂಟೆ ನಡೆಯಲಾಗದವರಿಗೆ, ಅಥವಾ ಇನ್ನೂ ದಕ್ಷಿಣದ ಅಕ್ರಾ ಬೀಚಿಗೋ ಪಶ್ಚಿಮದ ಹೋಲ್‌ಟೌನಿಗೋ ಹೋಗುವವರಿಗೆ ಊರಿನ ಸಾರಿಗೆಯಿದೆ. ಅದರಲ್ಲಿ ಮೂರು ಬಣ್ಣ. ಸರ್ಕಾರದ ಟ್ರಾನ್ಸ್‌ಪೋರ್ಟ್ ಬೋರ್ಡಿನ ಬಸ್ಸು ನೀಲಿ ಮೈಗೆ ಹಳದಿ ಪಟ್ಟಿ. ಖಾಸಗಿ ಮಿನಿ ಬಸ್ಸು ಹಳದಿ ಮೈಗೆ ನೀಲಿ ಪಟ್ಟಿ. ಮೂರನೆಯದು ಬಿಳಿ ಮೈಗೆ ಕಡುಗೆಂಪು ಪಟ್ಟಿಯ ವ್ಯಾನು, ನಂಬರ್ ಪ್ಲೇಟಿನ ಮೊದಲೆರಡು ಅಕ್ಷರದಿಂದ ಊರವರ ಬಾಯಲ್ಲಿ ಅದು ‘ಝಡ್‌ಆರ್’. 2019ರಲ್ಲಿ ಏರಿಸಿದ ಮೇಲೆ ಇವುಗಳ ದರ ಮೂರೂವರೆ ಬಾರ್ಬಡೋಸ್ ಡಾಲರ್, ಹತ್ತಿರ ಇಳಿದರೂ ದೂರ ಇಳಿದರೂ ಅಷ್ಟೇ. 1975ರಿಂದ ಆ ದೇಶದ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್ ಎಂಬ ಲೆಕ್ಕ ಕದಲಿಲ್ಲ. ನಾಲ್ಕು ಜನರ ಮನೆಯವರು ಹೋಗಿ ಬರಲು 28 ಬಾರ್ಬಡೋಸ್ ಡಾಲರ್, ಎಂದರೆ ಅಮೆರಿಕದ 14 ಡಾಲರ್.

ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವ ಪದ್ಧತಿಯಿಲ್ಲ, ಲೆಕ್ಕ ಸರಿಯಾಗಿ ಕೈಯಲ್ಲಿರಬೇಕು. ಹಾರುವ ಮೀನಿನ ಚಿತ್ರವಿರುವ ಏಳು ಮೂಲೆಯ ಒಂದು ಡಾಲರ್ ನಾಣ್ಯ ಮೂರು, ಜೊತೆಗೆ ಪುಡಿಕಾಸು. ಝಡ್‌ಆರ್‌ನಲ್ಲಿ ಕಂಡಕ್ಟರ್ ಇರುತ್ತಾನೆ, ಚಿಲ್ಲರೆ ಕೊಡುತ್ತಾನೆ, ಅಮೆರಿಕದ ನೋಟಿಗೂ ಬೇಸರಿಸಿಕೊಳ್ಳುವುದಿಲ್ಲ. ಹಾಡು ಎದೆ ನಡುಗುವಷ್ಟು ಜೋರು. ಇಬ್ಬರ ಸೀಟಿನಲ್ಲಿ ಮೂರನೆಯವರಿಗೂ ಜಾಗ ಮಾಡಿಸುವ, ಬಾಗಿಲಲ್ಲಿ ಜೋತು ಊರಿನ ಹೆಸರು ಕೂಗುವ ಅವನನ್ನು ನೋಡಿದರೆ ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ದುಂಬು ಪೋಲೆ’ ಎನ್ನುತ್ತ ಜನರನ್ನು ಮುಂದೆ ತಳ್ಳುವವನ ಸೋದರನಿರಬೇಕು ಎನಿಸುತ್ತದೆ. ಹತ್ತುವಾಗ ಒಳಗಿದ್ದವರಿಗೆಲ್ಲ ‘ಗುಡ್ ಮಾರ್ನಿಂಗ್’ ಹೇಳುವುದು ಅಲ್ಲಿಯ ಮರ್ಯಾದೆ. ಹೇಳದೆ ಸುಮ್ಮನೆ ಕೂತವರನ್ನು ಒರಟರೆಂದೇ ತಿಳಿಯುತ್ತಾರೆ.

ದಾರಿ ತಪ್ಪುವ ಚಿಂತೆ ಬೇಕಿಲ್ಲ. ದ್ವೀಪದ ಸ್ಟಾಪುಗಳಲ್ಲಿ ದುಂಡನೆಯ ಫಲಕ ನೆಟ್ಟಿರುತ್ತಾರೆ, ಅದರ ಮೇಲೆ ಬರೆದಿರುವುದು ಎರಡರಲ್ಲಿ ಒಂದು: ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’. ರಸ್ತೆಯ ಈ ಬದಿ ಊರಿಗೆ, ಆ ಬದಿ ಊರಾಚೆಗೆ. ಇಷ್ಟು ಸರಳವಾದ ಸೂಚನೆ ಎಷ್ಟೋ ಮಹಾನಗರಗಳ ಬಸ್ ಆ್ಯಪ್‌ಗಳಲ್ಲಿಲ್ಲ. ಪಶ್ಚಿಮ ಕರಾವಳಿಗೆ, ಸ್ಪೈಟ್ಸ್‌ಟೌನ್ ಕಡೆಗೆ ಹೋಗುವವರು ಧಕ್ಕೆಯ ಹತ್ತಿರವೇ ಇರುವ ಪ್ರಿನ್ಸೆಸ್ ಆಲಿಸ್ ನಿಲ್ದಾಣದಲ್ಲಿ ಹತ್ತಬೇಕು. ದಕ್ಷಿಣಕ್ಕೆ ಹೋಗುವವರು ಪೇಟೆ ದಾಟಬೇಕು, ಆಯ್ಸ್ಟಿನ್ಸ್ ಮೂಲಕ ಸಿಲ್ವರ್ ಸ್ಯಾಂಡ್ಸ್‌ಗೆ ಓಡುವ 11ನೇ ನಂಬರಿನ ಝಡ್‌ಆರ್ ಆ ಕಡೆ ಸಿಗುತ್ತದೆ, ಒಂದು ಹೋದರೆ ಇನ್ನೊಂದು ಬೆನ್ನಿಗೇ. ಟ್ಯಾಕ್ಸಿಗೆ ಮೀಟರ್ ಇಲ್ಲ, ಕೂರುವ ಮೊದಲೇ ದರ ಕೇಳಿಕೊಳ್ಳಬೇಕು, ಯಾವ ದೇಶದ ಡಾಲರ್ ಎಂಬುದನ್ನೂ.

ಊರವರ ಬಸ್ಸು ಹಿಡಿದವರು ಊರವರ ಹೊತ್ತನ್ನೂ ಗಮನಿಸಬೇಕು. ಮಧ್ಯಾಹ್ನ ಮೂರರ ಸುಮಾರಿಗೆ ಶಾಲೆ ಬಿಡುತ್ತದೆ, ಸಮವಸ್ತ್ರದ ಮಕ್ಕಳು ನಿಲ್ದಾಣಗಳಲ್ಲಿ ತುಂಬಿಕೊಳ್ಳುತ್ತಾರೆ, ಕರಾವಳಿ ರಸ್ತೆಯಲ್ಲಿ ವಾಹನಗಳು ತೆವಳತೊಡಗುತ್ತವೆ. ಎರಡೂವರೆಗೇ ಬೀಚಿನಿಂದ ಏಳುವುದು ವಿವೇಕ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಓಡಾಟವೇ ಕಡಿಮೆ, ಅಂಥ ದಿನ ಹಡಗು ನಿಂತರೆ ಕಾರ್ಲೈಲ್ ಬೇಯಾಚೆಯ ಆಸೆ ಬಿಡುವುದೇ ಸರಿ. ಅಕ್ರಾ ಬೀಚಿನಿಂದ ಧಕ್ಕೆಗೆ ನಡೆದು ಬರಲು ಒಂದೂವರೆ ಗಂಟೆಯಾದರೂ ಬೇಕು, ಬಿಸಿಲಿನಲ್ಲಿ ಮಗು ಎತ್ತಿಕೊಂಡು ಅದು ಆಗುವ ಮಾತಲ್ಲ. ಹೋಲ್‌ಟೌನ್ ಇನ್ನೂ ದೂರ. ಅಲ್ಲಿಗೆ ಹೋಗುವವರು ಭಯವನ್ನು ಪೂರ್ತಿ ಕಳೆದುಕೊಂಡಂತಲ್ಲ, ಸ್ವಲ್ಪ ಭಯಕ್ಕೆ ಸ್ವಲ್ಪ ಚೆಲುವನ್ನು ಕೊಂಡಂತೆ. ಕೊಳ್ಳಲಿ, ಲೆಕ್ಕ ಗೊತ್ತಿದ್ದು ಕೊಳ್ಳಲಿ.

ಊಟದ ಬಗ್ಗೆ ಶಾಕಾಹಾರಿಗಳು ಮನೆಯಿಂದಲೇ ಚಿಂತೆ ಹೊತ್ತು ಬರುತ್ತಾರೆ. ಬೀಚಿನ ಬದಿಯ ಗೂಡಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ‘ಕಟರ್’, ಗಟ್ಟಿ ಬನ್ನಿನ ನಡುವೆ ಹುರಿದ ಮೀನು. ಆದರೆ ಕಬ್ಬಿನ ತೋಟಗಳ ದುಡಿಮೆಗೆಂದು ಬ್ರಿಟಿಷರು ಟ್ರಿನಿಡಾಡ್ ಮತ್ತು ಗಯಾನಕ್ಕೆ ಸಾಗಿಸಿದ ಭಾರತೀಯರ ಜೊತೆ ಹೋದ ರೊಟ್ಟಿ ಆ ನಾಡುಗಳಿಂದ ಹರಡಿ ಬಾರ್ಬಡೋಸಿಗೂ ಬಂದಿದೆ. ಆಲೂಗಡ್ಡೆ ಪಲ್ಯ ತುಂಬಿ ಮಡಚಿದ ರೊಟ್ಟಿಯನ್ನು ಅಲ್ಲಿಯ ಷೆಫೆಟ್ ಎಂಬ ಸ್ವದೇಶಿ ಹೋಟೆಲುಗಳಲ್ಲಿ ಮಾರುತ್ತಾರೆ. ಈ ಷೆಫೆಟ್ ಇದ್ದ ಊರಿಗೆ 1996ರಲ್ಲಿ ಮೆಕ್‌ಡೊನಾಲ್ಡ್ಸ್ ಬಂದು ಅದೇ ವರ್ಷ ಬಾಗಿಲು ಹಾಕಿಕೊಂಡು ಹೋದದ್ದನ್ನು ಅಲ್ಲಿಯವರು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ.

ಇಷ್ಟೆಲ್ಲ ಸಾಧ್ಯವಾಗಿರುವುದರ ಬುಡದಲ್ಲಿ ಒಂದು ರಾಜಕೀಯವಿದೆ. ಪ್ರವಾಸಿ ಕೈಪಿಡಿಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ: ಬಾರ್ಬಡೋಸ್‌ನಲ್ಲಿ ಬೀಚ್ ಎಲ್ಲರಿಗೂ ಮುಕ್ತ. ಆಳೆತ್ತರದ ಕಬ್ಬು ಬೆಳೆಯುತ್ತಿದ್ದ ಕಾಲದಲ್ಲಿ ತೋಟದ ಮಾಲೀಕರಿಗೆ ಬೇಕಾಗಿದ್ದದ್ದು ಒಳನಾಡಿನ ಮಣ್ಣು, ಉಪ್ಪು ಗಾಳಿಯ ಮರಳುದಿಬ್ಬ ಅವರಿಗೆ ದಂಡದ ಜಾಗ. ವಿಮಾನದಲ್ಲಿ ಶ್ರೀಮಂತರು ಬರತೊಡಗಿದ ಮೇಲೆ ಲೆಕ್ಕ ತಿರುವುಮುರುವಾಯಿತು. ಹೊಸ ಬಂದರು ತೆರೆದ 1961ರಲ್ಲೇ ಪಶ್ಚಿಮ ಕರಾವಳಿಯಲ್ಲಿ ಸ್ಯಾಂಡಿ ಲೇನ್ ಎಂಬ ಸಿರಿವಂತರ ಹೋಟೆಲೂ ತೆರೆಯಿತು. ಅಂಥ ಹೋಟೆಲು ಬಂಗಲೆಗಳ ಸಾಲಿನಲ್ಲಿ ಕಡಲು ಕಾಣದಂತಾದಾಗ ಉಳಿದದ್ದು ನಡುನಡುವಿನ ಓಣಿಗಳು. ಆ ಓಣಿಗಳಿಗಾಗಿ ಊರವರು ಇವತ್ತಿಗೂ ಜಗಳವಾಡುತ್ತಾರೆ. ಮರಳು ಎಲ್ಲರದ್ದು ಎಂಬ ಕಾನೂನು ಇದ್ದರೂ ಮರಳಿಗೆ ಹೋಗುವ ದಾರಿಗೆ ಗೇಟು ಬಿದ್ದರೆ ಆ ಕಾನೂನಿನಿಂದ ಉಪಯೋಗವಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅದೇ ಕಡಲಿನ ಜಮೈಕಾದಲ್ಲಿ 1956ರ ಬೀಚ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಸಾಮಾನ್ಯ ಜನರಿಗೆ ಬೀಚಿನ ಮೇಲೆ ಸಹಜ ಹಕ್ಕೇ ಇಲ್ಲ. ಅಲ್ಲಿಯವರೇ ತಮ್ಮ ದಡಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಊರವರಿಗೇ ಇಲ್ಲದ ದಡದಲ್ಲಿ ಆರು ಗಂಟೆಯ ಮಟ್ಟಿಗೆ ಬಂದುಹೋಗುವವರು ಬಸ್ಸಿಳಿದು ಟವೆಲ್ ಹಾಸುವ ಮಾತು ಎಲ್ಲಿಂದ ಬಂತು?

ಹಡಗು ಕಂಪನಿಗಳು ಈ ಜಂಜಾಟಕ್ಕೆ ತಮ್ಮದೇ ಉತ್ತರ ಕಂಡುಕೊಂಡಿವೆ. ನಾರ್ವೇಜಿಯನ್ ಕಂಪನಿ 1977ರಲ್ಲೇ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ತನ್ನದಾಗಿಸಿಕೊಂಡಿತು. ರಾಯಲ್ ಕೆರಿಬಿಯನ್ 2019ರಲ್ಲಿ ಕೋಕೋಕೇಯನ್ನು ನೀರಾಟದ ಉದ್ಯಾನವಾಗಿ ಮಾರ್ಪಡಿಸಿತು. ಕಾರ್ನಿವಲ್ 2025ರ ಜುಲೈಯಲ್ಲಿ ಗ್ರಾಂಡ್ ಬಹಾಮಾದಲ್ಲಿ ಸೆಲೆಬ್ರೇಷನ್ ಕೀ ತೆರೆಯಿತು. ಅಲ್ಲಿ ಹಡಗು ತಪ್ಪುವುದಿಲ್ಲ, ದಾರಿ ತಪ್ಪುವುದಿಲ್ಲ, ಚಿಲ್ಲರೆ ಬೇಕಿಲ್ಲ, ಹಡಗಿನ ಕಾರ್ಡೇ ದಡದಲ್ಲೂ ನಡೆಯುತ್ತದೆ. ಇಳಿಯುವುದೂ ಹತ್ತುವುದೂ ಒಂದೇ ಕಂಪನಿಯ ಅಂಗಳದಲ್ಲಿ. ಪುಟ್ಟ ಮಕ್ಕಳಿರುವವರಿಗೆ, ಮಂಡಿನೋವಿನ ಅಜ್ಜಿಯಿರುವವರಿಗೆ ಇದು ನಿಜಕ್ಕೂ ನೆಮ್ಮದಿ, ಅವರನ್ನು ಹೀಗಳೆಯುವುದು ತಪ್ಪು. ಆದರೆ ಹಡಗು ಕಾಯುವುದಿಲ್ಲ ಎಂಬ ಭಯವನ್ನು ಅದರ ಕೊನೆಯವರೆಗೆ ಎಳೆದರೆ ಮುಟ್ಟುವುದು ಇಲ್ಲಿಗೇ: ಜನವಸತಿಯಿಲ್ಲದ, ಶಾಲೆ ಬಿಡುವ ಹೊತ್ತಿಲ್ಲದ, ಬಸ್ಸಿನ ಬಾಗಿಲಲ್ಲಿ ಯಾರೂ ಕೂಗದ ದಡಕ್ಕೆ. ಝಡ್‌ಆರ್‌ನ ಮೂರೂವರೆ ಡಾಲರ್ ಆ ವ್ಯಾನಿನ ಮಾಲೀಕನ ಮನೆಗೆ ಹೋಗುತ್ತದೆ, ಕೊಡೆ ಬಾಡಿಗೆ ಬೀಚಿನವನ ಜೇಬಿಗೆ, ರೊಟ್ಟಿಯ ಕಾಸು ಊರಿನ ಹೋಟೆಲಿಗೆ. ಸೆಲೆಬ್ರೇಷನ್ ಕೀಯಲ್ಲಿ ಖರ್ಚಾದ ಡಾಲರಿನ ದಾರಿ ಅಷ್ಟು ಕವಲೊಡೆಯುವುದಿಲ್ಲ.

ಬ್ರಿಡ್ಜ್‌ಟೌನ್‌ನ ಸೂತ್ರ ಎಲ್ಲ ಕಡೆ ನಡೆಯುತ್ತದೆ ಎಂದುಕೊಂಡರೆ ಸ್ಯಾಂಟೊರಿನಿಯಲ್ಲಿ ಎಡವಬೇಕಾಗುತ್ತದೆ. ಗ್ರೀಸಿನ ಆ ದ್ವೀಪದಲ್ಲಿ ದೊಡ್ಡ ಹಡಗು ಕಟ್ಟುವ ಧಕ್ಕೆಯಿಲ್ಲ. ನಡುನೀರಲ್ಲಿ ನಿಂತ ಹಡಗಿನಿಂದ ದೋಣಿಯಲ್ಲಿ ಬಂಡೆಯ ಬುಡಕ್ಕೆ ಬಂದರೆ ಊರಿರುವುದು ಬಂಡೆಯ ನೆತ್ತಿಯಲ್ಲಿ. ಮೇಲೇರಲು ಕೇಬಲ್ ಕಾರು, ಇಲ್ಲವೇ ಸುಮಾರು 590 ಮೆಟ್ಟಿಲು, ಇಲ್ಲವೇ ಅದೇ ಮೆಟ್ಟಿಲಿನ ಮೇಲೆ ಕತ್ತೆ ಸವಾರಿ. ಮೇಲಿನ ಫಿರಾ ಊರಿನಿಂದ ಪೆರಿಸ್ಸಾ, ಕಮಾರಿಯ ಕಪ್ಪು ಮರಳಿನ ಬೀಚುಗಳಿಗೆ ಬಸ್ಸು ಸಲೀಸಾಗಿ ಸಿಗುತ್ತದೆ, ದರವೂ ಕಡಿಮೆ. ಆದರೆ ಬೇಸಿಗೆಯ ದಿನ ನಾಲ್ಕಾರು ಹಡಗುಗಳ ಜನ ಒಟ್ಟಿಗೆ ಇಳಿಯಹೊರಟಾಗ ಕೇಬಲ್ ಕಾರಿನ ಮುಂದೆ ಗಂಟೆಗಟ್ಟಲೆ ಸಾಲು. ಬಸ್ಸಿನ ಲೆಕ್ಕ ಸರಿಯಿದ್ದೂ ಹಡಗು ತಪ್ಪುವುದು ಅಲ್ಲಿ. ಅಂಥ ಕಡೆ ಬೀಚಿನ ಆಸೆ ಬಿಟ್ಟು ಫಿರಾದಲ್ಲೇ ಅಡ್ಡಾಡಿ, ಮೊಣಕಾಲು ಗಟ್ಟಿಯಿದ್ದರೆ ಮೆಟ್ಟಿಲಿಳಿದು ಬರುವುದು ಲೇಸು.

ದಡದಲ್ಲಿ ಹೊತ್ತು ಕಳೆಯುವ ವಿದ್ಯೆಯಲ್ಲಿ ಪ್ರಯಾಣಿಕರಿಗಿಂತ ಪಳಗಿದವರು ಹಡಗಿನಲ್ಲೇ ಇದ್ದಾರೆ. ಅವರು ಸಿಬ್ಬಂದಿ. ಅವರಲ್ಲಿ ಗೋವಾದವರಂತೆಯೇ ಮಂಗಳೂರು, ಉಡುಪಿ ಕಡೆಯವರೂ ಸಾಕಷ್ಟಿದ್ದಾರೆ, ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಕರಾವಳಿಯ ಮನೆಗಳಲ್ಲಿ ಹೊಸದಲ್ಲ. ಊಟದ ಹಾಲಿನ ಎರಡು ಪಾಳಿಗಳ ನಡುವೆ ಅವರಿಗೆ ಸಿಗುವ ಬಿಡುವು ಪ್ರಯಾಣಿಕರ ಆರು ಗಂಟೆಯ ಅರ್ಧವೂ ಇರುವುದಿಲ್ಲ, ತಡವಾದರೆ ಹೋಗುವುದು ಕೆಲಸವೇ. ಆದರೂ ಅವರು ಟೂರ್ ಕೊಳ್ಳುವುದಿಲ್ಲ. ಒಳ್ಳೆಯ ವೈಫೈ ಸಿಗುವ, ಧಕ್ಕೆಗೆ ತೀರ ಹತ್ತಿರದ, ಊರವರೇ ಹೋಗುವ ಬೀಚು ಯಾವುದೆಂದು ಅವರಿಗೆ ತಿಳಿದಿರುತ್ತದೆ, ಅಲ್ಲಿಗೆ ಹೋಗುವ ವ್ಯಾನು ಎಲ್ಲಿ ನಿಲ್ಲುತ್ತದೆ ಎಂಬುದೂ. ರಾತ್ರಿ ಬಡಿಸುವ ಹುಡುಗ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುವವನೆಂದು ಗೊತ್ತಾದರೆ ಟೂರ್ ಕೌಂಟರಿಗೆ ಹೋಗುವ ಮೊದಲು ಅವನನ್ನು ಕೇಳಬಹುದು.

ಅವನ ಸ್ವಂತ ಊರಿಗೂ ಕ್ರೂಸ್ ಹಡಗುಗಳು ಬರುತ್ತವೆ. ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ತಿಂಗಳುಗಳಲ್ಲಿ ವಿದೇಶಿ ಪ್ರಯಾಣಿಕರ ಹಡಗುಗಳು ಬಂದು ಒಂದು ಹಗಲು ನಿಂತು ಹೋಗುವುದು ನಡೆದುಬಂದಿದೆ. ಅವರನ್ನು ಕೋಚುಗಳಲ್ಲಿ ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿಸುತ್ತಾರೆ. ಒಳ್ಳೆಯ ಜಾಗಗಳೇ. ಬಂದರಿನ ಮಗ್ಗುಲಲ್ಲೇ ಪಣಂಬೂರು ಬೀಚಿದೆ, ತೆಂಕಲಿಗೆ ತಣ್ಣೀರುಬಾವಿ, ಅಲ್ಲಿಂದ ಹೊಳೆ ದಾಟಿಸುವ ಸುಲ್ತಾನ್ ಬತ್ತೇರಿಯ ದೋಣಿ. ಬಡಗಲಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ಕಡೆಗೆ ಸರ್ವೀಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತವೆ, ಅದೇ ದಾರಿಯಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ ಬೀಚು. ಮುಕ್ತವಾದ ಮರಳಿದೆ, ಬಿಡುವಿಲ್ಲದ ಬಸ್ಸಿದೆ, ನಡೆದು ಮರಳುವ ದೂರವೂ ಇದೆ. ಬ್ರಿಡ್ಜ್‌ಟೌನ್‌ನಲ್ಲಿರುವ ಮೂರೂ ಇಲ್ಲೂ ಇವೆ.

ಕಡಲು ಮಾತ್ರ ಬೇರೆ. ಕಾರ್ಲೈಲ್ ಬೇಯನ್ನು ಕಾಯುವ ಹಾಗೆ ಪಣಂಬೂರನ್ನು ಕಾಯುವ ದ್ವೀಪ ಹಿಂದಿಲ್ಲ, ಅದು ತೆರೆದ ಅರಬ್ಬಿ ಕಡಲಿಗೆ ನೇರ ಮುಖಮಾಡಿದೆ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ, ಚಳಿಗಾಲದಲ್ಲೂ ಜೀವರಕ್ಷಕರ ಕಣ್ಣಳತೆ ಬಿಟ್ಟು ಹೋಗಬಾರದು. ಬಂದರಿನ ಗೇಟು ದಾಟಿದ ಕೂಡಲೇ ಎದುರಾಗುವುದು ಲಾರಿಗಳ ಹೆದ್ದಾರಿ, ಪೆಲಿಕನ್ ವಿಲೇಜಿನ ಪಕ್ಕದ ಕಾಲುದಾರಿಯಲ್ಲ. ಹಾಗಾಗಿ ಗೇಟಿನಿಂದ ಬೀಚಿನವರೆಗೆ ನಿರ್ಭಯವಾಗಿ ನಡೆಯಬಹುದಾದ ಒಂದು ಫುಟ್‌ಪಾತ್ ಮೊದಲು ಬೇಕು. ಆಮೇಲೆ ಏಣಿ ಇಳಿದವರ ಕೈಗೆ ಒಂದೇ ಹಾಳೆ: ಪಡುಬಿದ್ರಿಗೆ ಬಸ್ಸು ರಸ್ತೆಯ ಯಾವ ಬದಿಯಲ್ಲಿ ನಿಲ್ಲುತ್ತದೆ, ಟಿಕೆಟ್ ಎಷ್ಟು, ಎಷ್ಟು ಹೊತ್ತಿನ ದಾರಿ, ಎಷ್ಟು ಗಂಟೆಗೆ ವಾಪಸ್ ಹತ್ತಬೇಕು, ಬೀಚಿನ ಯಾವ ತುದಿಯಲ್ಲಿ ಈಜಬಾರದು, ಹೆಂಗಸರಿಗೆ ಬಟ್ಟೆ ಬದಲಿಸಲು ಜಾಗ ಎಲ್ಲಿದೆ, ಎಳನೀರಿಗೆ ಎಷ್ಟು ಕೊಡಬೇಕು. ಇದನ್ನು ಬರೆಯಲು ಪ್ರವಾಸೋದ್ಯಮದ ತಜ್ಞರು ಬೇಕಿಲ್ಲ, ಆ ರೂಟಿನ ಯಾವ ಕಂಡಕ್ಟರನ್ನು ಕೇಳಿದರೂ ಅರ್ಧ ಗಂಟೆಯಲ್ಲಿ ಬರೆಸುತ್ತಾನೆ.